ಉಳಿದ 2 ಜಿಬಿ ಎಲ್ಲಿ ಹೋಯಿತು?



ಅಕ್ಕಿ ರಾಗಿ ಅಳೆಯೋಕೆ ಸೇರು, ಪಾವು ಇರುವ ಹಾಗೆ ಕಂಪ್ಯೂಟರಿನ ಮಾಹಿತಿ ಅಳೆಯುವುದಕ್ಕೂ ಅಳತೆಗಳಿವೆ. ಎಲ್ಲಕ್ಕಿಂತ ಚಿಕ್ಕದು ಬಿಟ್. ಅದರಲ್ಲಿ 0 ಅಥವಾ 1 ಮಾತ್ರ ಇರುತ್ತದೆ. ನಮ್ಮ ತರಗತಿಯ ಲೈಟಿನ ಸ್ವಿಚ್ಚಿನ ಹಾಗೆ, ಹಾಕಿರಬೇಕು ಇಲ್ಲಾ ಆರಿಸಿರಬೇಕು. ಇಂಥ 8 ಬಿಟ್ ಸೇರಿದರೆ 1 ಬೈಟ್. ಇಂಗ್ಲಿಷಿನ ಒಂದು ಅಕ್ಷರಕ್ಕೆ 1 ಬೈಟ್ ಸಾಕು. ನಮ್ಮ ಕನ್ನಡಕ್ಕೆ ಜಾಸ್ತಿ ಬೇಕು. ಈಗ ಎಲ್ಲೆಡೆ ಬಳಸುವ ಯುಟಿಎಫ್-8 ಎಂಬ ಪದ್ಧತಿಯಲ್ಲಿ ‘ಕ’ ಒಂದಕ್ಕೇ 3 ಬೈಟ್. ‘ಕನ್ನಡ’ ಎಂದು ಬರೆದರೆ 15 ಬೈಟ್! ಮೂರಕ್ಷರಕ್ಕೆ 9 ಆಗಬೇಕಲ್ಲ ಅಂತೀರಾ? ‘ನ್ನ’ ಅನ್ನೋದನ್ನು ಕಂಪ್ಯೂಟರು ಒಂದು ನ, ಸ್ವರ ತೆಗೆದ ಗುರುತು, ಇನ್ನೊಂದು ನ ಎಂದು ಮೂರು ಮಾಡಿ ಇಟ್ಟುಕೊಳ್ಳುತ್ತದೆ. ಒಟ್ಟು 5, ಐದು ಮೂರಲೆ 15.

ಇನ್ನು ದೊಡ್ಡ ಅಳತೆಗಳು. 1024 ಬೈಟಿಗೆ 1 ಕೆಬಿ, 1024 ಕೆಬಿಗೆ 1 ಎಂಬಿ, 1024 ಎಂಬಿಗೆ 1 ಜಿಬಿ. ಇದೇನು 1000 ಬಿಟ್ಟು 1024? ಕಂಪ್ಯೂಟರಿಗೆ ಗೊತ್ತಿರೋದು ಎರಡೇ ಅಂಕಿ. ಹಾಗಾಗಿ ಅದರ ಲೆಕ್ಕ ದುಪ್ಪಟ್ಟಾಗುತ್ತಾ ಹೋಗುತ್ತದೆ. 2, 4, 8, 16, 32, 64, 128, 256, 512, 1024. ಹತ್ತನೇ ಸಲಕ್ಕೆ 1024 ಬಂತು. ಅದು ಸಾವಿರಕ್ಕೆ ಹತ್ತಿರ ಇದೆ ಅಂತ ಮೊದಲಿನವರು ಅದನ್ನೇ ‘ಕಿಲೋ’ ಎಂದು ಕರೆದುಬಿಟ್ಟರು. ನನ್ನ ಪ್ರಕಾರ ತೊಂದರೆ ಶುರುವಾಗಿದ್ದೇ ಇಲ್ಲಿ.

ನಮ್ಮ ಶಾಲೆಗೆ 32 ಜಿಬಿಯ ಪೆನ್‌ಡ್ರೈವ್ ತರಿಸಿದ್ದು ನಿಮಗೆಲ್ಲ ಗೊತ್ತು. ಅದಕ್ಕೆ ನಾವೂ ದುಡ್ಡು ಹಾಕಿದ್ದೆವು. ಕಂಪ್ಯೂಟರಿಗೆ ಹಾಕಿದಾಗ 29.8 ಜಿಬಿ ಎಂದು ತೋರಿಸಿತು. ಅಂಗಡಿಯವರು ಮೋಸ ಮಾಡಿದರು ಅಂತ ಕೆಲವರು ಅಂದರು. ಇನ್ನು ಕೆಲವರು ಪೇಟೆಯಿಂದ ತಂದುಕೊಟ್ಟ ಅಣ್ಣನ ಮೇಲೇ ಅನುಮಾನಪಟ್ಟರು. ಅವರು ಎರಡು ದಿನ ಶಾಲೆ ಕಡೆ ಬರಲೇ ಇಲ್ಲ. ಹಾಗಾಗಿ ಈ ಲೆಕ್ಕವನ್ನು ದಯವಿಟ್ಟು ಗಮನವಿಟ್ಟು ಓದಿ.

ಪೆನ್‌ಡ್ರೈವ್ ಮಾಡುವವರು 1 ಜಿಬಿ ಅಂದರೆ ಸರಿಯಾಗಿ 100 ಕೋಟಿ ಬೈಟ್ ಎಂದು ಹಿಡಿಯುತ್ತಾರೆ. 32 ಜಿಬಿಗೆ 3200 ಕೋಟಿ ಬೈಟ್ ಆಯಿತು. ನಮ್ಮ ಕಂಪ್ಯೂಟರಿನಲ್ಲಿರುವ ವಿಂಡೋಸ್ ಮಾತ್ರ 1024 × 1024 × 1024, ಅಂದರೆ 1,07,37,41,824 ಬೈಟಿಗೆ 1 ಜಿಬಿ ಎನ್ನುತ್ತದೆ. 3200 ಕೋಟಿಯನ್ನು ಅದರಿಂದ ಭಾಗಿಸಿ ನೋಡಿ. 29.8 ಬರುತ್ತದೆ! ಒಂದೇ ರಾಶಿ ರಾಗಿಯನ್ನು ಚಿಕ್ಕ ಸೇರಿನಲ್ಲಿ ಅಳೆದರೆ 32, ದೊಡ್ಡ ಸೇರಿನಲ್ಲಿ ಅಳೆದರೆ 30ಕ್ಕೂ ಕಡಿಮೆ. ರಾಗಿ ಒಂದು ಕಾಳೂ ಕಮ್ಮಿಯಾಗಿಲ್ಲ. ಅಂಗಡಿಯವರೂ ತಿಂದಿಲ್ಲ, ಅಣ್ಣನೂ ತಿಂದಿಲ್ಲ. ನಂಬದವರು ಪೆನ್‌ಡ್ರೈವಿನ ‘ಪ್ರಾಪರ್ಟೀಸ್’ ತೆಗೆದು ನೋಡಬಹುದು, ಅಲ್ಲಿ ಬೈಟಿನ ಲೆಕ್ಕ ಪೂರ್ತಿ ಇರುತ್ತದೆ.

ಈ ಗೊಂದಲ ಬೇಡವೆಂದು 1998ರಲ್ಲಿ ಅಂತರರಾಷ್ಟ್ರೀಯ ಎಲೆಕ್ಟ್ರೋಟೆಕ್ನಿಕಲ್ ಆಯೋಗವು 1024ರ ಲೆಕ್ಕಕ್ಕೆ ಕಿಬಿಬೈಟ್, ಮೆಬಿಬೈಟ್, ಗಿಬಿಬೈಟ್ ಎಂಬ ಬೇರೆ ಹೆಸರುಗಳನ್ನೇ ಕೊಟ್ಟಿತು. ಹೆಸರು ತಮಾಷೆಯಾಗಿದೆ, ಆದರೆ ಬಳಸುವವರು ಕಡಿಮೆ. ಹಳೇ ಫ್ಲಾಪಿಯದಂತೂ ಇನ್ನೂ ವಿಚಿತ್ರ. ಅದರ 1.44 ಎಂಬಿಯಲ್ಲಿ ಒಂದು ಎಂಬಿ ಅಂದರೆ 1000 × 1024 ಬೈಟ್, ಎರಡೂ ಸೇರನ್ನು ಕಲಸಿಬಿಟ್ಟಿದ್ದಾರೆ!

ಅಳತೆ ದೊಡ್ಡದಾದಷ್ಟೂ ವ್ಯತ್ಯಾಸವೂ ಬೆಳೆಯುತ್ತದೆ. ಕೆಬಿಯಲ್ಲಿ ಸಾವಿರಕ್ಕೆ 24 ಮಾತ್ರ, ಜಿಬಿಗೆ ಬರುವಷ್ಟರಲ್ಲಿ ಸಾವಿರಕ್ಕೆ 73 ದಾಟುತ್ತದೆ. 64 ಜಿಬಿಯ ಪೆನ್‌ಡ್ರೈವ್ ನಮ್ಮ ಕಂಪ್ಯೂಟರಿನಲ್ಲಿ ಎಷ್ಟು ತೋರಿಸಬಹುದು? ಉತ್ತರವನ್ನು ಈ ಹಾಳೆಯ ಕೆಳಗೆ ಪೆನ್ಸಿಲ್ಲಿನಲ್ಲಿ ಬರೆಯಿರಿ, ಜಾಗ ಬಿಟ್ಟಿದ್ದೇನೆ.