ತಗುಲಿದ್ದು ತಿಳಿಯಬೇಕಾದ ಕವಚ

1977ರಲ್ಲಿ ತೆರೆಕಂಡ 'ಸ್ಟಾರ್ ವಾರ್ಸ್' ಚಿತ್ರದ ಸ್ಟಾರ್ಮ್‌ಟ್ರೂಪರ್ ಸೈನಿಕರನ್ನು ಯಾರೂ ಮರೆಯಲಾರರು. ನೋಡುವ ಕಣ್ಣಿಗೆ ಉಕ್ಕಿನಂತೆ ಕಾಣುವ ಅವರ ಬಿಳಿ ಕವಚ ನಿಜಕ್ಕೂ ತೆಳು ಪ್ಲಾಸ್ಟಿಕ್. ಕಾಯಿಸಿ ಮೆತ್ತಗಾದ ಹಾಳೆಯನ್ನು ಅಚ್ಚಿನ ಮೇಲೆ ಹಾಸಿ ಅಡಿಯಿಂದ ಗಾಳಿ ಹೀರಿದರೆ, ಹಾಳೆ ಅಚ್ಚಿಗೆ ಬಿಗಿಯಾಗಿ ಕಚ್ಚಿಕೊಂಡು ಅದರ ಆಕಾರವನ್ನೇ ತಳೆಯುತ್ತದೆ. ಇಂಗ್ಲೆಂಡಿನ ಆಂಡ್ರ್ಯೂ ಐನ್ಸ್‌ವರ್ತ್ ಆ ಶಿರಸ್ತ್ರಾಣಗಳನ್ನು ತಯಾರಿಸಿದ್ದು ಈ ವ್ಯಾಕ್ಯೂಮ್ ಫಾರ್ಮಿಂಗ್ ವಿಧಾನದಲ್ಲೇ. ಮುಂದೆ ಅದರ ಹಕ್ಕುಸ್ವಾಮ್ಯದ ವ್ಯಾಜ್ಯ ಬ್ರಿಟನ್ನಿನ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಈ ಶಿರಸ್ತ್ರಾಣ ಶಿಲ್ಪವಲ್ಲ, ಚಿತ್ರ ತಯಾರಿಕೆಯಲ್ಲಿ ಬಳಕೆಗೆ ಬಂದ ವಸ್ತು ಎಂದು 2011ರಲ್ಲಿ ನ್ಯಾಯಾಲಯ ತೀರ್ಪಿತ್ತಿತು.

ಕ್ಯಾಮೆರಾದ ಮುಂದೆ ನಿಲ್ಲಲು ಇಷ್ಟು ಸಾಕು. ಇಂಥದೇ ಕವಚ ತೊಟ್ಟು ಏರ್‌ಸಾಫ್ಟ್ ಮೈದಾನಕ್ಕೆ ಇಳಿಯುವವರಿಗೆ ಸಾಲದು. ಅವರು ಓಡಬೇಕು, ತೆವಳಬೇಕು, ಗಂಟೆಗಟ್ಟಲೆ ಬೆವರಬೇಕು, ಮೈಮೇಲೆ ಗುಂಡು ತಿನ್ನಲೂಬೇಕು.

ಏರ್‌ಸಾಫ್ಟ್ ಹುಟ್ಟಿದ್ದು ಜಪಾನಿನಲ್ಲಿ. ನಿಜವಾದ ಬಂದೂಕು ಇಟ್ಟುಕೊಳ್ಳಲು ಅಲ್ಲಿ ಕಠಿಣ ನಿರ್ಬಂಧಗಳಿವೆ. ಹಾಗಾಗಿ 6 ಮಿಲಿಮೀಟರ್ ವ್ಯಾಸದ ಪ್ಲಾಸ್ಟಿಕ್ ಗುಂಡು ಹಾರಿಸುವ ಆಟದ ಬಂದೂಕುಗಳು ಬಂದವು. 1991ರಲ್ಲಿ ಟೋಕಿಯೋ ಮಾರುಯಿ ಕಂಪನಿ ಬ್ಯಾಟರಿಯಿಂದ ನಡೆಯುವ ಬಂದೂಕನ್ನು ಹೊರತಂದ ಮೇಲೆ ಆಟದ ವೇಗವೇ ಬದಲಾಯಿತು. ಪೇಂಟ್‌ಬಾಲ್‌ನಲ್ಲಿ ಗುಂಡು ಒಡೆದು ಬಣ್ಣ ಮೆತ್ತಿಕೊಳ್ಳುತ್ತದೆ; ಇಲ್ಲಿ ಯಾವ ಗುರುತೂ ಉಳಿಯುವುದಿಲ್ಲ. ಗುಂಡು ತಗುಲಿದವರು ತಾವೇ ಕೈಯೆತ್ತಿ 'ಹಿಟ್' ಎಂದು ಕೂಗಿ ಹೊರನಡೆಯಬೇಕು. ಆಟವಿಡೀ ನಿಂತಿರುವುದು ಆಟಗಾರರ ಪ್ರಾಮಾಣಿಕತೆಯ ಮೇಲೆ. ಆದ್ದರಿಂದಲೇ ಇಲ್ಲಿನ ಕವಚಕ್ಕೆ ಸಾಮಾನ್ಯ ಕವಚಗಳಿಗಿಲ್ಲದ ಒಂದು ಹೊಣೆಯಿದೆ: ಅದು ಪೆಟ್ಟನ್ನು ತಡೆಯಬೇಕು, ಆದರೆ ಪೆಟ್ಟು ಬಿದ್ದದ್ದನ್ನು ಮುಚ್ಚಿಡಬಾರದು.

ಗುಂಡಿನ ಲೆಕ್ಕ ನೋಡೋಣ. 0.2 ಗ್ರಾಂ ತೂಕದ ಗುಂಡು ಸೆಕೆಂಡಿಗೆ 100 ಮೀಟರ್ ವೇಗದಲ್ಲಿ ಹೊರಬಿದ್ದರೆ ಅದರ ಶಕ್ತಿ 1 ಜೂಲ್. 2006ರಲ್ಲಿ ಜಪಾನ್ ತನ್ನ ಕಾನೂನು ತಿದ್ದಿ, 6 ಮಿಲಿಮೀಟರ್ ಗುಂಡಿಗೆ ಹಾಕಿದ ಮಿತಿಯೂ ಹೆಚ್ಚುಕಡಿಮೆ ಇಷ್ಟೇ. ಆದರೆ ಇಷ್ಟು ಹಗುರದ ಗುಂಡನ್ನು ಗಾಳಿ ಬೇಗ ಸೋಲಿಸುತ್ತದೆ. 30 ಮೀಟರ್ ಸಾಗುವಷ್ಟರಲ್ಲಿ ಅದರ ವೇಗ ಮೂರನೇ ಒಂದು ಭಾಗಕ್ಕೆ, ಶಕ್ತಿ ಸುಮಾರು ಹತ್ತನೇ ಒಂದು ಭಾಗಕ್ಕೆ ಇಳಿದಿರುತ್ತದೆ. ಅದನ್ನು ತಡೆಯಲು ದಪ್ಪ ಅಂಗಿಯೂ ಸಾಕು. ಎದೆ, ಬೆನ್ನು, ತೊಡೆಗಳಿಗೆ ಗುಂಡಿನಿಂದ ರಕ್ಷಣೆ ಕೊಡುವುದು ಕವಚ ಕಟ್ಟುವವರ ಪಾಲಿಗೆ ಸುಲಭದ ಕೆಲಸ.

ಇವತ್ತು ಇಂಥ ಕವಚಗಳಿಗೆ ಹೆಚ್ಚಾಗಿ ಬಳಸುವುದು ಇವಿಎ ಫೋಮ್. ಜಿಮ್‌ಗಳಲ್ಲಿ, ಮಕ್ಕಳ ಕೋಣೆಗಳಲ್ಲಿ ಒಂದಕ್ಕೊಂದು ಸಿಕ್ಕಿಸಿ ಹಾಸುವ ಮ್ಯಾಟ್ ಇದೇ ವಸ್ತುವಿನದು. ಇದರೊಳಗೆ ಲೆಕ್ಕವಿಲ್ಲದಷ್ಟು ಪುಟ್ಟ ಗಾಳಿಗುಳ್ಳೆಗಳಿದ್ದು, ಪ್ರತಿಯೊಂದೂ ಮುಚ್ಚಿಕೊಂಡಿರುತ್ತದೆ. ಹಾಗಾಗಿ ಫೋಮ್ ಹಗುರ, ನೀರು ಕುಡಿಯುವುದಿಲ್ಲ, ಬಡಿತವನ್ನು ನುಂಗುತ್ತದೆ.

ಕೆಲಸ ಶುರುವಾಗುವುದು ಮೈಯಳತೆಯಿಂದ. ತೋಳಿಗೆ ಪ್ಲಾಸ್ಟಿಕ್ ಹಾಳೆ ಸುತ್ತಿ, ಮೇಲೆ ಕಾಗದದ ಟೇಪ್ ಅಂಟಿಸಿ, ಅದರ ಮೇಲೆ ಕವಚದ ಗೆರೆಗಳನ್ನು ಬರೆಯುತ್ತಾರೆ. ಗೆರೆಗುಂಟ ಕತ್ತರಿಸಿ ಬಿಚ್ಚಿ ಹರಡಿದರೆ ಉಬ್ಬುತಗ್ಗಿನ ತೋಳು ಚಪ್ಪಟೆ ತುಂಡುಗಳಾಗಿ ಸಿಗುತ್ತದೆ. ಅದೇ ಅಳತೆಗೆ ಫೋಮ್ ಕೊಯ್ದು ಹೀಟ್ ಗನ್ನಿನಿಂದ ಕಾಯಿಸಬೇಕು. ಮೇಲ್ಮೈ ತುಸು ಹೊಳಪೇರಿತೆಂದರೆ ಹದ ಬಂದಂತೆ: ಹೊರಪದರದ ಗುಳ್ಳೆಗಳು ಕರಗಿ ಮುಚ್ಚಿಕೊಂಡಿವೆ, ಇನ್ನು ಬಣ್ಣ ಒಳಗಿಳಿಯುವುದಿಲ್ಲ. ಆಗಲೇ ಬಾಗಿಸಿ, ತಣಿಯುವ ತನಕ ಹಿಡಿದಿಟ್ಟರೆ ಬಾಗು ಹಾಗೇ ಉಳಿಯುತ್ತದೆ. ಜೋಡಿಸಲು ಚಪ್ಪಲಿ ರಿಪೇರಿಯವರು ಬಳಸುವಂಥ ಸೊಲ್ಯೂಷನ್ ಬೇಕು. ಅದನ್ನು ಎರಡೂ ಅಂಚುಗಳಿಗೆ ಸವರಿ, ಬೆರಳಿಗೆ ಅಂಟದಷ್ಟು ಆರಿದ ಮೇಲೆ ಒತ್ತಬೇಕು. ಅದರ ಆವಿ ಒಳ್ಳೆಯದಲ್ಲ, ಗಾಳಿಯಾಡುವ ಕಡೆಯೇ ಕೂತು ಮಾಡಬೇಕು.

ನಿಂತಾಗ ಚೆಂದವಾಗಿ ಕೂರುವ ಕವಚ ಕುಕ್ಕರಗಾಲಲ್ಲಿ ಕೂತಾಗ ಮಂಡಿಯ ಹಿಂಭಾಗವನ್ನು ಕಚ್ಚುತ್ತದೆ. ಏಡಿಯ ಚಿಪ್ಪು ಕೀಲುಗಳಲ್ಲಿ ಮಾತ್ರ ತೆಳುವಾಗಿ ಬಾಗುವ ಪೊರೆಯಾಗುತ್ತದೆ. ಕವಚವೂ ಅದೇ ನಿಯಮಕ್ಕೆ ಒಳಪಡಬೇಕು. ತೊಡೆಯ ತುಂಡು, ಮೀನಖಂಡದ ತುಂಡು ಬೇರೆಬೇರೆ ಇದ್ದು, ನಡುವೆ ಬಟ್ಟೆ ಮಾತ್ರ ಇರಬೇಕು. ಭುಜದ ತುಂಡನ್ನು ಎಲಾಸ್ಟಿಕ್ ಪಟ್ಟಿಯಲ್ಲಿ ತೂಗುಬಿಟ್ಟರೆ ಕೈಯೆತ್ತಿದಾಗ ಅದೂ ಜೊತೆಗೆ ಮೇಲೇಳುತ್ತದೆ.

ರಾಜಿಯೇ ಇಲ್ಲದ ಜಾಗ ಕಣ್ಣು. ಚರ್ಮಕ್ಕೆ ಚುರುಕ್ ಎನಿಸುವ 1 ಜೂಲ್ ಗುಂಡು ಕಣ್ಣಿನ ದೃಷ್ಟಿಯನ್ನೇ ಕಳೆಯಬಲ್ಲದು. ಶಿರಸ್ತ್ರಾಣದ ಅಂದದ ಗಾಜಿಗೆ ಬಳಸುವ ಅಕ್ರಿಲಿಕ್ ಪೆಟ್ಟು ಬಿದ್ದರೆ ಸೀಳಿ ಚೂಪು ಚೂರುಗಳಾಗುತ್ತದೆ. ಪಾಲಿಕಾರ್ಬೊನೇಟ್ ಹಾಗಲ್ಲ, ಅದು ಬಾಗಿ ಪೆಟ್ಟನ್ನು ತಾಳಿಕೊಳ್ಳುತ್ತದೆ. ಯುರೋಪಿನ ಇಎನ್ 166 ಮಾನದಂಡದಲ್ಲಿ 'ಬಿ' ದರ್ಜೆ ಪಡೆಯುವ ಗಾಗಲ್, ಸೆಕೆಂಡಿಗೆ 120 ಮೀಟರ್ ವೇಗದಲ್ಲಿ ಬರುವ 6 ಮಿಲಿಮೀಟರ್ ಉಕ್ಕಿನ ಗುಂಡನ್ನು ತಡೆಯಬೇಕು. ಅದರ ಶಕ್ತಿ ಸುಮಾರು 6 ಜೂಲ್. ಶಿರಸ್ತ್ರಾಣದ ಗಾಜು ಎಷ್ಟೇ ಗಟ್ಟಿ ಎನಿಸಿದರೂ ಅದರೊಳಗೆ ಪರೀಕ್ಷೆಯಲ್ಲಿ ಗೆದ್ದ ಗಾಗಲ್ ಇರಲೇಬೇಕು. ಕವಚಕ್ಕೆಂದು ಎತ್ತಿಟ್ಟ ಹಣದಲ್ಲಿ ಮೊದಲ ಖರ್ಚು ಇದೇ ಆಗಲಿ.

ಗಾಗಲ್ ಹಾಕಿದರೆ ಮಂಜಿನ ಕಾಟ. ಉಸಿರಿನ ಬೆಚ್ಚನೆಯ ತೇವ ತಣ್ಣಗಿನ ಲೆನ್ಸಿನ ಮೇಲೆ ಹನಿಗಟ್ಟುತ್ತದೆ. ಎರಡು ಪದರದ ಲೆನ್ಸ್ ಒಳಮೈಯನ್ನು ಬೆಚ್ಚಗಿಡುತ್ತದೆ. ಕಂಪ್ಯೂಟರಿನೊಳಗಿರುವಂಥ ಪುಟ್ಟ ಫ್ಯಾನನ್ನು ಪವರ್ ಬ್ಯಾಂಕಿಗೆ ಜೋಡಿಸಿದರೆ ತೇವದ ಗಾಳಿ ಹೊರಗೆ ಹೋಗುತ್ತದೆ.

ಗಾಳಿಯಾಡಬೇಕಾದ್ದು ಮುಖಕ್ಕಷ್ಟೇ ಅಲ್ಲ. ಸುಮ್ಮನೆ ಕೂತ ದೇಹ ಸುಮಾರು 100 ವಾಟ್ ಶಾಖ ಹೊರಬಿಡುತ್ತದೆ, ಓಡುವಾಗ ಅದು ಹಲವು ಪಟ್ಟಾಗುತ್ತದೆ. ಒಂದು ಲೀಟರ್ ಬೆವರು ಆವಿಯಾದರೆ ಸುಮಾರು 2,400 ಕಿಲೋಜೂಲ್ ಶಾಖವನ್ನು ಕೊಂಡೊಯ್ಯುತ್ತದೆ. ತೊಟ್ಟಿಕ್ಕಿ ಬಿದ್ದ ಬೆವರಿನಿಂದ ಆ ಲಾಭವಿಲ್ಲ. ನೀರು ಕುಡಿಯದ ಫೋಮ್ ಆವಿಯನ್ನೂ ಬಿಡದು. ಅದರ ಗುಣವೇ ಇಲ್ಲಿ ದೋಷವಾಗುತ್ತದೆ. ಆದ್ದರಿಂದ ಕಂಕುಳು, ಬೆನ್ನು, ಪಕ್ಕೆಗಳ ಬಳಿ ಕವಚ ಬೇಕೆಂದೇ ಬಾಯಿಬಿಟ್ಟಿರಬೇಕು. ತಲೆಸುತ್ತು ಬಂದ ಗಳಿಗೆಯೇ ಕಳಚುವಂತೆ ಬಕಲ್‌ಗಳೂ ಬೇಕು.

ಇನ್ನು ಆ ವಿಶೇಷ ಹೊಣೆ. 10 ಮಿಲಿಮೀಟರ್ ಫೋಮ್ ತೊಟ್ಟವರಿಗೆ ದೂರದಿಂದ ಬಂದ ದಣಿದ ಗುಂಡು ತಗುಲಿದ್ದೇ ಗೊತ್ತಾಗದು. ತಿಳಿಯದೆ ಆಡುತ್ತಲೇ ಇದ್ದವರನ್ನು ಎದುರಾಳಿ ಮೋಸಗಾರರೆಂದುಕೊಂಡರೆ ತಪ್ಪು ಹೊರಿಸುವಂತಿಲ್ಲ. ಎದೆಗೂ ಬೆನ್ನಿಗೂ ಫೋಮಿನ ಮೇಲೆ ತೆಳುವಾದ ಗಟ್ಟಿ ಪ್ಲಾಸ್ಟಿಕ್ ಹೊದಿಸಿದರೆ ಗುಂಡು 'ಟಕ್' ಎಂದು ಸದ್ದು ಮಾಡುತ್ತದೆ. ಕಿವಿಯ ಬಳಿ ರಂಧ್ರಗಳನ್ನು ಬಿಟ್ಟರೆ ಆ ಸದ್ದು ಒಳಗೆ ಕೇಳುತ್ತದೆ. ಆಟಕ್ಕಿಳಿಯುವ ಮುನ್ನ ಗೆಳೆಯರಿಂದ ದೂರದಿಂದ ಗುಂಡು ಹಾರಿಸಿಕೊಂಡು, ಯಾವ ತುಂಡು ಮೂಕವಾಗಿದೆಯೋ ಅದನ್ನು ತಿದ್ದಬೇಕು. ಎಷ್ಟು ಸೊಗಸಾಗಿ ಬಣ್ಣ ಬಳಿದಿದ್ದರೂ, ತೊಟ್ಟವರು 'ಹಿಟ್' ಎಂದು ಪ್ರಾಮಾಣಿಕವಾಗಿ ಕೂಗಲು ನೆರವಾಗದ ಕವಚ ಈ ಆಟಕ್ಕೆ ತಕ್ಕದ್ದಲ್ಲ.