ಪಿಕ್‌ಅಪ್ ಗಾಡಿಯ ದೀಪದೋಷವೂ ಅದರ ಪರಿಹಾರವೂ

ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ತಾಲೂಕುಗಳ ಒಕ್ಕಲಿಗರು ಲಿಂಬೆ, ದ್ರಾಕ್ಷಿ, ಉಳ್ಳಾಗಡ್ಡಿಗಳನ್ನು ಪೇಟೆಗೆ ಸಾಗಿಸಲು ಪಿಕ್‌ಅಪ್ ಗಾಡಿಗಳನ್ನು ಬಹುವಾಗಿ ಅವಲಂಬಿಸಿರುವರು. ಬೆಳಗಿನ ಲಿಲಾವಿಗೆ ಮಾಲು ಮುಟ್ಟಬೇಕಾದರೆ ರಾತ್ರಿಯೇ ಹೊರಡಬೇಕಾಗುವುದು. ಇಂಡಿಯ ಲಿಂಬೆಗೆ 2023ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿರುವುದು ಹೆಮ್ಮೆಯ ಸಂಗತಿ. ಆದರೆ ನಡುದಾರಿಯಲ್ಲಿ ದೀಪ ಆರಿತೆಂದರೆ ಮಾಲಿನ ಮಾತಂತಿರಲಿ, ಜೀವಕ್ಕೇ ಅಪಾಯ. ಕಬ್ಬಿನ ಹಂಗಾಮಿನಲ್ಲಿ ಹಿಂದೀಪವಿಲ್ಲದ ಟ್ರೇಲರುಗಳೂ ಅದೇ ರಸ್ತೆಯಲ್ಲಿ ನಿಂತಿರುವುದುಂಟು.

ದೀಪ ಕೆಟ್ಟೊಡನೆ ಹೊಸ ಬಲ್ಬು ಕೊಳ್ಳುವುದು ರೂಢಿಯಾಗಿದೆ. ಇದು ಸರಿಯಾದ ಕ್ರಮವಲ್ಲ. ಇಂಡಿ ತಾಲೂಕಿನ ಹಿಡುವಳಿದಾರರೊಬ್ಬರು ಒಂದೇ ಹಂಗಾಮಿನಲ್ಲಿ ಮೂರು ಬಲ್ಬು ಬದಲಿಸಿದರೂ ಎಡಗಡೆಯ ದೀಪವು ಹಳದಿಯಾಗಿ ಮಿಣುಕುತ್ತಲೇ ಇದ್ದಿತು. ನಾನು ಪರೀಕ್ಷಿಸಲಾಗಿ, ಅರ್ಥಿಂಗ್ ತಂತಿಯನ್ನು ಗಾಡಿಯ ಮೈಗೆ ಬಿಗಿದ ಬೋಲ್ಟಿನ ಕೆಳಗೆ ತುಕ್ಕೂ ಎರೆಮಣ್ಣಿನ ಧೂಳೂ ಸೇರಿಕೊಂಡಿದ್ದವು. ಅದನ್ನು ಉಸುಕಿನ ಕಾಗದದಿಂದ ತಿಕ್ಕಿ ಬಿಗಿದೊಡನೆ ದೀಪವು ಬೆಳ್ಳಗೆ ಉರಿಯಿತು.

ಪರೀಕ್ಷೆಯ ಕ್ರಮವು ಹೀಗಿರತಕ್ಕದ್ದು:

1. ಎರಡೂ ದೀಪಗಳು ಒಮ್ಮೆಲೇ ಆರಿದ್ದರೆ ಫ್ಯೂಜ್, ರಿಲೇ ಮತ್ತು ಸ್ವಿಚ್ಚುಗಳನ್ನು ಮೊದಲು ನೋಡತಕ್ಕದ್ದು. ಎರಡು ಬಲ್ಬುಗಳು ಕೂಡಿಯೇ ಸುಡುವುದು ಅಪರೂಪ.

2. ಒಂದೇ ದೀಪ ಆರಿದ್ದರೆ, ಸ್ವಿಚ್ಚು ಬಂದುಮಾಡಿ ಬಲ್ಬುಗಳು ತಣಿದ ಮೇಲೆ ಎಡಬಲದವುಗಳನ್ನು ಅದಲುಬದಲು ಮಾಡಬೇಕು. ದೋಷವು ಬಲ್ಬಿನ ಸಂಗಡ ಹೋದರೆ ಬಲ್ಬೇ ಕೆಟ್ಟಿದೆ. ಅದೇ ಬದಿಯಲ್ಲಿ ಉಳಿದರೆ ಫ್ಯೂಜ್, ಸಾಕೆಟ್ಟು, ತಂತಿಗಳನ್ನು ನೋಡಬೇಕು.

3. ಒಂದು ದೀಪವು ಮಂದವಾಗಿದ್ದರೆ ಅರ್ಥಿಂಗನ್ನೂ, ಎರಡೂ ಮಂದವಾಗಿದ್ದು ಇಂಜಿನ್ನಿನ ವೇಗದೊಡನೆ ಪ್ರಕಾಶವು ಏರಿಳಿಯುತ್ತಿದ್ದರೆ ಬ್ಯಾಟರಿಯ ತುದಿಗಳನ್ನೂ ಆಲ್ಟರ್ನೇಟರಿನ ಬೆಲ್ಟನ್ನೂ ಪರೀಕ್ಷಿಸತಕ್ಕದ್ದು.

ಸುಟ್ಟ ಫ್ಯೂಜಿನ ಸ್ಥಳದಲ್ಲಿ ಗಾಡಿಗೆ ಗೊತ್ತುಪಡಿಸಿದ ಆಂಪಿಯರಿನದನ್ನೇ ಹಾಕಬೇಕು. ತಾಮ್ರದ ತಂತಿಯನ್ನು ಸುತ್ತುವುದು ಗಾಡಿಗೆ ಬೆಂಕಿಯನ್ನು ಕರೆದಂತೆ. 12 ವೋಲ್ಟಿನಲ್ಲಿ 55 ವ್ಯಾಟಿನ ಬಲ್ಬು ಸುಮಾರು 4.6 ಆಂಪಿಯರ್ ಎಳೆಯುವುದು; 100 ವ್ಯಾಟಿನದು 8ಕ್ಕೂ ಮಿಕ್ಕಿ ಎಳೆದು ಸಾಕೆಟ್ಟನ್ನು ಕರಗಿಸಬಲ್ಲದು. ಹ್ಯಾಲೋಜನ್ ಬಲ್ಬಿನ ಗಾಜನ್ನು ಬೆರಳಿನಿಂದ ಮುಟ್ಟಕೂಡದು; ಜಿಡ್ಡು ಹತ್ತಿದೆಡೆ ಗಾಜು ಅತಿಯಾಗಿ ಕಾಯ್ದು ಬಲ್ಬು ಬೇಗ ಕೆಡುವುದು.

ಹಿಂದೆ ಹೇರು ಹೆಚ್ಚಾದಾಗ ಗಾಡಿಯ ಮೂತಿ ಮೇಲೆದ್ದು ಬೆಳಕು ಎದುರಿನವರ ಕಣ್ಣು ಕುಕ್ಕುವುದು. ಆದಕಾರಣ ಹೇರಿದ ಬಳಿಕ ಗೋಡೆಯೆದುರು ನಿಲ್ಲಿಸಿ ಬೆಳಕಿನ ಎತ್ತರವನ್ನು ಸರಿಪಡಿಸತಕ್ಕದ್ದು.

ಈ ಪರೀಕ್ಷೆಯನ್ನು ಹಗಲಿನಲ್ಲಿಯೇ, ಮಾಲು ಹೇರುವ ದಿನಕ್ಕೆ ಮುಂಚಿತವಾಗಿ ಮಾಡಿದರೆ ರಾತ್ರಿಯ ಸಂಕಟವು ತಪ್ಪುವುದು. ಊರ ಗೌಡರೂ ಜಮೀನುದಾರರೂ ತಮ್ಮ ಗಾಡಿ ಹೊಡೆಯುವವರಿಗೆ ಇದನ್ನು ಓದಿ ಹೇಳಬೇಕಾಗಿ ವಿನಂತಿ.