ಬಿಟ್ಟಿ ತಮಟೆ: ಸುದ್ದಿ, ಪ್ರಚಾರ ಮತ್ತು ನಮ್ಮ ಪಾಲು

ಚುನಾವಣೆ ಬಂತೆಂದರೆ ನಮ್ಮ ಕಡೆ ಎರಡು ಮಾತು ಒಟ್ಟಿಗೇ ಕೇಳಿಬರುತ್ತವೆ. ಕಡೂರು ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಕೂತವರು "ಈ ಟೀವಿಯೋರೇ ಕಣ್ರೀ ದೇಶ ಹಾಳ್ಮಾಡಿದ್ದು" ಅನ್ನುತ್ತಾರೆ. ಟೀವಿಯವರನ್ನು ಕೇಳಿದರೆ "ಜನ ಇದನ್ನೇ ನೋಡ್ತಾರೆ, ನಾವೇನ್ ಮಾಡೋಣ" ಅನ್ನುತ್ತಾರೆ. ಇಬ್ಬರ ಬೆರಳೂ ಎದುರಿನವರ ಕಡೆಗೇ. ಅಷ್ಟರಲ್ಲಿ ಓಟಿನ ದಿನ ಬಂದು ಹೋಗಿರುತ್ತದೆ. ಕೆರೆಗೆ ನೀರು ಬರುವುದೋ ಇಲ್ಲವೋ, ಗ್ರಾಂಟ್ ಜಮೀನು ಉಳಿಯುವುದೋ ಹೋಗುವುದೋ, ಎ.ಕೆ. ಕಾಲೋನಿಯವರಿಗೆ ಸ್ಮಶಾನಕ್ಕೆ ಜಾಗ ಸಿಗುವುದೋ ಇಲ್ಲವೋ ಎಂಬ ಪ್ರಶ್ನೆಗಳು ಯಾರ ಬಾಯಿಗೂ ಬಾರದೆ ಮುಂದಿನ ಐದು ವರ್ಷಕ್ಕೆ ಉಳಿಯುತ್ತವೆ.

ದಲಿತ ವಿಮರ್ಶೆಯ ಸಂಚಿಕೆಯಲ್ಲಿ ಕತೆ, ಕಾವ್ಯ, ಕಾದಂಬರಿಗಳ ಚರ್ಚೆ ಇರುವುದು ಸಹಜ. ಆದರೆ ನಮ್ಮ ಹಟ್ಟಿಗಳಲ್ಲಿ ಇವತ್ತು ಅತಿ ಹೆಚ್ಚು ಜನ ಓದುವ, ನೋಡುವ ಪಠ್ಯ ಕಾದಂಬರಿಯಲ್ಲ, ಸುದ್ದಿ. ಒಂದು ಕೃತಿಯನ್ನು ಕೈಗೆತ್ತಿಕೊಂಡಾಗ ನಾವು ಕೇಳುವ ಪ್ರಶ್ನೆಗಳಿವೆಯಲ್ಲ: ಇಲ್ಲಿ ಮಾತಾಡುತ್ತಿರುವವರು ಯಾರು, ಯಾರ ಪರವಾಗಿ, ಕಾಣೆಯಾದವರು ಯಾರು? ಅವನ್ನೇ ಸುದ್ದಿಗೂ ಪ್ರಚಾರಕ್ಕೂ ಕೇಳಬೇಕೆಂಬುದು ನನ್ನ ವಾದ. ಹಾಗೆ ಕೇಳುತ್ತಲೇ ಈ ಪೊಳ್ಳುತನದಲ್ಲಿ ನಮ್ಮ ಪಾಲೆಷ್ಟು ಎಂಬುದನ್ನೂ ಲೆಕ್ಕ ಹಾಕಬೇಕು.

1

ಮೊದಲು 'ಜನ' ಎಂಬ ಶಬ್ದವನ್ನೇ ಬಿಡಿಸಿ ನೋಡೋಣ. ಟೀವಿಯ ಲೆಕ್ಕದಲ್ಲಿ ಜನ ಎಂದರೆ ಮೀಟರು ಇಟ್ಟಿರುವ ಮನೆ. ಬಾರ್ಕ್ ಎಂಬ ಸಂಸ್ಥೆ ಇಡೀ ದೇಶದಲ್ಲಿ ಐವತ್ತು ಸಾವಿರ ಚಿಲ್ಲರೆ ಮನೆಗಳನ್ನು ಆರಿಸಿಕೊಂಡು, ಅಲ್ಲಿ ಯಾರು ಯಾವ ಚಾನೆಲನ್ನು ಎಷ್ಟು ಹೊತ್ತು ನೋಡಿದರು ಎಂದು ಅಳೆಯುತ್ತದೆ. ಆ ಅಳತೆಯ ಮೇಲೆ ಜಾಹೀರಾತಿನ ದರ ನಿಲ್ಲುತ್ತದೆ. ಚಿನ್ನ, ಬೈಕು, ಸೈಟು ಮಾರುವವನಿಗೆ ಬೇಕಾದದ್ದು ಕೊಳ್ಳುವ ಶಕ್ತಿಯಿರುವ ಮನೆಯೇ ಹೊರತು ಅಡಿಕೆ ಸುಲಿಯಲು ಹೋಗುವವಳ ಮನೆಯಲ್ಲ. 2020ರ ಅಕ್ಟೋಬರಿನಲ್ಲಿ ಈ ಮೀಟರಿನ ಲೆಕ್ಕವನ್ನೇ ದುಡ್ಡು ಕೊಟ್ಟು ತಿರುಚಿದ್ದಾರೆಂದು ಮುಂಬೈ ಪೊಲೀಸರು ಕೇಸು ಹಾಕಿದರು. ಆ ಕೇಸು ಆಮೇಲೆ ವಾಪಸಾಯಿತು, ಅದು ಬೇರೆ ಮಾತು. ಆದರೆ ಆ ಗದ್ದಲದಲ್ಲಿ ಸುದ್ದಿ ಚಾನೆಲುಗಳ ರೇಟಿಂಗು 2022ರ ಮಾರ್ಚಿನವರೆಗೆ ನಿಂತೇ ಹೋಗಿತ್ತು. ಆ ಒಂದೂವರೆ ವರ್ಷ ಸ್ಟುಡಿಯೋಗಳ ಕಿರುಚಾಟವೇನಾದರೂ ನಿಂತಿತೇ? ಇಲ್ಲ. ಅಂದರೆ 'ಜನ ನೋಡ್ತಾರೆ' ಎಂಬುದು ಪೂರ್ತಿ ಕಾರಣವಲ್ಲ, ಅರ್ಧ ನೆಪ.

ಇನ್ನು ಒಳಗೆ ಕೂತು ಯಾವುದು ಸುದ್ದಿ ಎಂದು ತೀರ್ಮಾನಿಸುವವರು ಯಾರು? 1996ರಲ್ಲಿ ಬಿ.ಎನ್. ಉನಿಯಾಲ್ ಎಂಬ ಪತ್ರಕರ್ತರು ದೆಹಲಿಯಲ್ಲಿ ಒಬ್ಬ ದಲಿತ ಪತ್ರಕರ್ತನಿಗಾಗಿ ಹುಡುಕಿ, ಯಾರೂ ಸಿಗದೆ, ಅದನ್ನೇ ಬರೆದರು. ಹತ್ತು ವರ್ಷದ ಮೇಲೆ, 2006ರಲ್ಲಿ, ದೆಹಲಿಯ 37 ಪತ್ರಿಕೆ ಮತ್ತು ಚಾನೆಲುಗಳ 315 ಹಿರಿಯರ ಸಮೀಕ್ಷೆ ನಡೆಯಿತು. ಅವರಲ್ಲಿ ಪರಿಶಿಷ್ಟ ಜಾತಿ, ಪಂಗಡದವರು ಒಬ್ಬರೂ ಇರಲಿಲ್ಲ. ಬಾಬಾಸಾಹೇಬರು 1920ರ ಜನವರಿ 31ರಂದು 'ಮೂಕನಾಯಕ' ಪತ್ರಿಕೆ ತೆಗೆದಾಗ ದುಡ್ಡು ಕೊಡುತ್ತೇವೆಂದರೂ ಅದರ ಜಾಹೀರಾತು ಹಾಕಲು 'ಕೇಸರಿ' ಒಪ್ಪಲಿಲ್ಲ. ಬಾಗಿಲಿನ ಬಣ್ಣ ಬದಲಾಗಿದೆ, ಹೊಸ್ತಿಲು ಮಾತ್ರ ಅಲ್ಲೇ ಇದೆ.

ಹೀಗಿರುವಾಗ 'ಸಮಾಜ ಎಂಥದೋ ಮಾಧ್ಯಮ ಅಂಥದು' ಎಂದು ಎಲ್ಲರ ತಲೆಗೂ ಒಂದೇ ಸಮ ತಪ್ಪು ಹಂಚುವುದು ಜಾಣತನದ ಮಾತು. ಬಾಬಾಸಾಹೇಬರು ಜಾತಿಯನ್ನು ಶ್ರೇಣೀಕೃತ ಅಸಮಾನತೆ ಎಂದು ಕರೆದರು. ಆ ಶ್ರೇಣಿ ಹೊಣೆಗೂ ಇರಬೇಕು. ಚಾನೆಲಿಗೆ ಬಂಡವಾಳ ಹಾಕಿದವನದು, ಜಾಹೀರಾತು ಕೊಡುವವನದು, ತೋಟದ ಮನೆಯ ಸೋಫಾದಲ್ಲಿ ಕೂತು ನೋಡುವವನದು ದೊಡ್ಡ ಪಾಲು. ಆದರೆ ನಮ್ಮ ಪಾಲು ಸೊನ್ನೆ ಅಂದುಬಿಟ್ಟರೆ? ಆಗ ನಮಗೆ ಬುದ್ಧಿಯೂ ಇಲ್ಲ, ಶಕ್ತಿಯೂ ಇಲ್ಲ ಎಂದು ನಾವೇ ಬರೆದುಕೊಟ್ಟಂತೆ.

2

ಒಂದು ಮಾತು ಊರೆಲ್ಲ ನೆನಪಿನಲ್ಲಿ ಉಳಿದು, ಒಂದು ಕೆಲಸ ಮರೆತುಹೋಗುವುದು ನಮ್ಮ ಸೀಮೆಗೆ ಹೊಸದಲ್ಲ. 1973ರ ನವೆಂಬರಿನಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ಮೈಸೂರಿನ ಸಭೆಯೊಂದರಲ್ಲಿ ಕನ್ನಡ ಸಾಹಿತ್ಯದ ಬಗ್ಗೆ 'ಬೂಸಾ' ಎಂಬ ಮಾತಾಡಿದರು. ಪತ್ರಿಕೆಗಳು ಆ ಒಂದು ಶಬ್ದ ಹಿಡಿದುಕೊಂಡವು. ಅವರು ಅದನ್ನು ಯಾಕೆ ಹೇಳಿದರು, ಯಾರಿಗೆ ಹೇಳಿದರು ಎಂಬುದು ಯಾರಿಗೂ ಬೇಕಾಗಲಿಲ್ಲ. ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು, ಮಂತ್ರಿ ರಾಜೀನಾಮೆ ಕೊಡಬೇಕಾಯಿತು. ತಲೆಯ ಮೇಲೆ ಮಲ ಹೊರುವುದು ನಿಲ್ಲಬೇಕೆಂದು ಸರ್ಕಾರದಿಂದ ಆದೇಶ ಮಾಡಿಸಿದವರೂ ಇದೇ ಬಸವಲಿಂಗಪ್ಪನವರು. ಬೂಸಾ ಎಂದರೆ ಯಾರು ಬೇಕಾದರೂ ಅವರ ಹೆಸರು ಹೇಳುತ್ತಾರೆ. ಮಲದ ಬುಟ್ಟಿ ಇಳಿಸಿದವರು ಯಾರೆಂದು ಕೇಳಿದರೆ ಪದವಿ ತರಗತಿಯಲ್ಲೂ ಒಂದು ಕೈ ಏಳುವುದಿಲ್ಲ.

ಆದರೆ ಬೂಸಾ ಪ್ರಸಂಗಕ್ಕೆ ಇನ್ನೊಂದು ಮುಖವೂ ಇದೆ. ಆ ಪೆಟ್ಟು ತಿಂದ ಹುಡುಗರು ಪತ್ರಿಕೆಯವರನ್ನು ಬೈದುಕೊಂಡು ಸುಮ್ಮನೆ ಕೂರಲಿಲ್ಲ. ತಾವೇ ಬರೆದರು, 'ಪಂಚಮ' ಪತ್ರಿಕೆ ತಂದರು. ತರೀಕೆರೆ ದಾಟಿದರೆ ಸಿಗುವ ಭದ್ರಾವತಿಯಲ್ಲಿ ಕಾಲೇಜು ಮೇಷ್ಟ್ರಾಗಿದ್ದ ಬಿ. ಕೃಷ್ಣಪ್ಪನವರು ಮತ್ತು ಗೆಳೆಯರು ಎಪ್ಪತ್ತರ ದಶಕದಲ್ಲಿ ದಲಿತ ಸಂಘರ್ಷ ಸಮಿತಿಗೆ ಅಡಿಪಾಯ ಹಾಕಿದರು. ಸುದ್ದಿ ನಮ್ಮನ್ನು ಬಿಟ್ಟಿತೆಂದರೆ ಸುದ್ದಿಯನ್ನು ನಾವೇ ಮಾಡಬೇಕು ಎಂಬ ಹೊಣೆಯ ಪಾಠ ನಮಗೆ ಪಕ್ಕದೂರಿನಿಂದಲೇ ಬಂದಿದೆ.

ಐದು ವರ್ಷದ ಮೇಲೆ, 1978ರ ನವೆಂಬರಿನಲ್ಲಿ, ಇಡೀ ದೇಶ ನಮ್ಮ ಜಿಲ್ಲೆಯ ಕಡೆ ನೋಡಿತು. ಚಿಕ್ಕಮಗಳೂರು ಲೋಕಸಭೆಯ ಉಪಚುನಾವಣೆ. ಇಂದಿರಾ ಗಾಂಧಿಯವರ ಎದುರು ವೀರೇಂದ್ರ ಪಾಟೀಲರು. ಒಂದು ಹೆಣ್ಣು ಸಿಂಹ, ನೂರು ಮುಸುವ ಎಂಬರ್ಥದ ಹಿಂದಿ ಘೋಷಣೆ ಹುಟ್ಟಿತು. ಹಿಂದಿ ಬಾರದ ಕೂಲಿಗಳ ಸೀಮೆಗೆ ಹಿಂದಿ ಘೋಷಣೆ! ಇಂದಿರಾ ಎಪ್ಪತ್ತು ಸಾವಿರಕ್ಕೂ ಹೆಚ್ಚು ಮತದಿಂದ ಗೆದ್ದರು. ಮರು ತಿಂಗಳೇ ಲೋಕಸಭೆ ಅವರನ್ನು ಹೊರಹಾಕಿತು. ಇಂದಿಗೂ ಜಿಲ್ಲೆಯ ರಾಜಕೀಯ ಇತಿಹಾಸ ಬರೆಯುವವರು ಸಿಂಹ, ಮುಸುವದಿಂದಲೇ ಶುರು ಮಾಡುತ್ತಾರೆ.

ಅದೇ 1978ರಲ್ಲಿ ದೇವರಾಜ ಅರಸರ ಕಾಲದ ಇನ್ನೊಂದು ಕೆಲಸವಿದೆ. ಪರಿಶಿಷ್ಟರಿಗೆ ಸರ್ಕಾರ ಕೊಟ್ಟ ಜಮೀನು ಶರತ್ತು ಮೀರಿ ಪರಭಾರೆಯಾಗಿದ್ದರೆ ಅದನ್ನು ಬಿಡಿಸಿ ಮೂಲ ಮಂಜೂರುದಾರನಿಗೋ ಅವನ ವಾರಸುದಾರರಿಗೋ ವಾಪಸು ಕೊಡಿಸುವ ಕಾಯ್ದೆ. ನಾವು ಪಿಟಿಸಿಎಲ್ ಎನ್ನುವುದು ಇದನ್ನೇ. 1979ರ ಜನವರಿ 1ರಂದು ಜಾರಿಗೆ ಬಂತು. ಕಡೂರಿನ ಖುಷ್ಕಿಯಲ್ಲಾಗಲಿ, ಅಜ್ಜಂಪುರದ ಕಡೆಯ ಈರುಳ್ಳಿ ಹೊಲದಲ್ಲಾಗಲಿ, ತರೀಕೆರೆಯ ತೋಟದ ಅಂಚಿನಲ್ಲಾಗಲಿ ಒಬ್ಬ ದಲಿತನ ಹೆಸರಿನ ಪಹಣಿ ಉಳಿದಿದ್ದರೆ ಅದರಲ್ಲಿ ಈ ಕಾಯ್ದೆಯ ಪಾಲಿದೆ. ಸಿಂಹದ ಘೋಷಣೆ ಗೊತ್ತಿರುವ ಮನೆಗಳಲ್ಲಿ ಈ ಕಾಯ್ದೆ ಗೊತ್ತಿರುವ ಮನೆಗಳೆಷ್ಟು?

2017ರಲ್ಲಿ ಸುಪ್ರೀಂ ಕೋರ್ಟು, ಜಮೀನು ವಾಪಸು ಕೇಳುವವರು ಸೂಕ್ತ ಕಾಲಮಿತಿಯೊಳಗೆ ಕೇಳಬೇಕು ಎಂಬರ್ಥದ ತೀರ್ಪು ಕೊಟ್ಟಿತು. ಅದರ ಆಧಾರದ ಮೇಲೆ ಎಷ್ಟೋ ಅರ್ಜಿಗಳು ಬಿದ್ದುಹೋದವು. ಕಾಯ್ದೆಗೆ ತಿದ್ದುಪಡಿ ಬೇಕೆಂದು ದಲಿತರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ತಿಂಗಳುಗಟ್ಟಲೆ ಧರಣಿ ಕೂತದ್ದು 2023ರಲ್ಲಿ, ವಿಧಾನಸಭಾ ಚುನಾವಣೆಯ ಕಾವಿನಲ್ಲಿಯೇ. ಆ ಮಾರ್ಚಿನಲ್ಲಿ ನಾಡಿನ ಟೀವಿಗಳು ಚರ್ಚಿಸುತ್ತಿದ್ದದ್ದು ಯಾವುದನ್ನು? ಉರಿಗೌಡ, ನಂಜೇಗೌಡರನ್ನು. ಟಿಪ್ಪುವನ್ನು ಕೊಂದರೆಂದು ಹೇಳಲಾದ, ಇತಿಹಾಸಕಾರರು ಆಧಾರವಿಲ್ಲವೆಂದ ಇಬ್ಬರ ಹೆಸರಲ್ಲಿ ಮಂಡ್ಯದಲ್ಲಿ ಸ್ವಾಗತ ಕಮಾನು ಎದ್ದಿತು, ಸಿನಿಮಾ ಘೋಷಣೆಯಾಯಿತು, ಆದಿಚುಂಚನಗಿರಿಯ ಸ್ವಾಮೀಜಿ ಬೇಡವೆಂದ ಮೇಲೆ ನಿಂತಿತು. ಇಲ್ಲದ ಇಬ್ಬರಿಗೆ ಸಿಕ್ಕ ಗಂಟೆಗಳಲ್ಲಿ ಒಂದು ಪಾಲು ಎದುರಿಗೇ ಕೂತಿದ್ದವರಿಗೆ ಸಿಗಲಿಲ್ಲ. ಆದರೂ ಅವರು ಏಳಲಿಲ್ಲ. ಅದೇ ವರ್ಷದ ಜುಲೈನಲ್ಲಿ ಕಾಲಮಿತಿ ಅಡ್ಡಬಾರದೆಂದು ಕಾಯ್ದೆಗೆ ತಿದ್ದುಪಡಿಯಾಯಿತು. ಟೀವಿ ಮಾಡದ ಕೆಲಸವನ್ನು ಧರಣಿ ಮಾಡಿತು.

3

ಈಗ ಕಹಿಯಾದ ಮಾತಿಗೆ ಬರುತ್ತೇನೆ. ನಮ್ಮ ಮೂರು ತಾಲ್ಲೂಕುಗಳು ಒಂದಕ್ಕೊಂದು ಅಂಟಿಕೊಂಡಿದ್ದರೂ ಓಟಿನಲ್ಲಿ ಬೇರೆ ಬೇರೆ. ಕಡೂರು ಹಾಸನ ಲೋಕಸಭೆಗೆ, ತರೀಕೆರೆ ಮತ್ತು ಅದರಿಂದ ಬೇರೆಯಾದ ಅಜ್ಜಂಪುರ ಉಡುಪಿ-ಚಿಕ್ಕಮಗಳೂರಿಗೆ. ಎರಡರಲ್ಲೂ 2024ರ ಏಪ್ರಿಲ್ 26ರಂದು ಮತದಾನವಾಯಿತು. ಅದಕ್ಕೆ ಕೆಲವೇ ದಿನ ಮುಂಚೆ ಹಾಸನ ಕ್ಷೇತ್ರದಲ್ಲಿ ಪೆನ್ ಡ್ರೈವುಗಳು ಬೀದಿಗೆ ಬಿದ್ದವು. ಆಗಿನ ಸಂಸದ ಪ್ರಜ್ವಲ್ ರೇವಣ್ಣ ಅವರ ಮೇಲಿನ ಲೈಂಗಿಕ ದೌರ್ಜನ್ಯದ ಆರೋಪಕ್ಕೆ ಸಂಬಂಧಿಸಿದ ವಿಡಿಯೋಗಳು. ಹೆಣ್ಣುಮಕ್ಕಳ ಮುಖವನ್ನೂ ಮರೆಮಾಡಿರಲಿಲ್ಲ.

ಹಂಚಿದವರ ರಾಜಕೀಯ ಏನೇ ಇರಲಿ, ಮುಂದಕ್ಕೆ ಕಳಿಸಿದವರು ಯಾರು? ಯಾವ ಚಾನೆಲೂ ಅಲ್ಲ. ಪೇಟೆಯ ಅಂಗಡಿ, ಊರ ಅರಳಿಕಟ್ಟೆ, ಕಾಲೇಜಿನ ಕಾರಿಡಾರು. "ನಿಂಗ್ ಬಂತಾ? ಕಳ್ಸೋ" ಎಂಬ ಮಾತು ಎಷ್ಟು ಸಲೀಸಾಗಿ ಹರಿದಾಡಿತು! ಅಧಿಕಾರಸ್ಥನ ಪ್ರಶ್ನೆ ಹಿಂದೆ ಸರಿದು 'ಅವಳು ಯಾವೂರೋಳು' ಎಂಬ ಪ್ರಶ್ನೆ ಮುಂದೆ ಬಂತು. ಅಂಥ ವಿಡಿಯೋ ಹಂಚುವುದು ಕಾನೂನಿನ ಪ್ರಕಾರ ಅಪರಾಧ. ಆದರೆ ನಾನು ಹೇಳುತ್ತಿರುವುದು ಕಾನೂನನ್ನಲ್ಲ. ಕೊನೆಗೆ ಪ್ರಕರಣವನ್ನು ನಿಲ್ಲಿಸಿದ್ದು ಈ ಚಪಲವಲ್ಲ, ಮನೆಗೆಲಸದ ಒಬ್ಬ ಮಹಿಳೆಯ ಸಾಕ್ಷ್ಯ. ಅವರ ದೂರಿನ ಮೇಲೆ ಬೆಂಗಳೂರಿನ ವಿಶೇಷ ನ್ಯಾಯಾಲಯ 2025ರ ಆಗಸ್ಟಿನಲ್ಲಿ ಜೀವಾವಧಿ ಶಿಕ್ಷೆ ವಿಧಿಸಿತು. ಕೂಲಿ ಮಾಡುವ ಹೆಂಗಸು ತನ್ನ ಹೊಣೆ ಹೊತ್ತರು. ಓದಿದವರ ಬೆರಳುಗಳು ಬೇರೇನೋ ಮಾಡುತ್ತಿದ್ದವು.

ಇಲ್ಲಿ ಬಾಬಾಸಾಹೇಬರ ಒಂದು ಭಾಷಣ ನೆನೆಯಬೇಕು. 1943ರ ಜನವರಿಯಲ್ಲಿ ಪುಣೆಯಲ್ಲಿ ರಾನಡೆಯವರ ಬಗ್ಗೆ ಮಾತಾಡುತ್ತಾ ಅವರು ಪತ್ರಿಕೆಗಳನ್ನು ಕಟುವಾಗಿ ಟೀಕಿಸಿದರು. ಒಂದು ಕಾಲಕ್ಕೆ ವೃತ್ತಿಯಾಗಿದ್ದ ಪತ್ರಿಕೋದ್ಯಮ ವ್ಯಾಪಾರವಾಗಿದೆ, ಪತ್ರಕರ್ತರು ತಮ್ಮ ನಾಯಕನ ಮುಂದೆ ಡೋಲು ಬಡಿಯುವ ಹುಡುಗರಾಗಿದ್ದಾರೆ ಎಂಬುದು ಅವರ ಮಾತಿನ ಸಾರ. ಈ ಡೋಲಿನ ಹೋಲಿಕೆ ನಮಗೆ ಬರೀ ಹೋಲಿಕೆಯಲ್ಲ. ಊರ ಹಬ್ಬಕ್ಕೆ, ಹೆಣಕ್ಕೆ ತಮಟೆ ಬಡಿಯುವುದು ನಮ್ಮ ಹಿರಿಯರ ಮೇಲೆ ಹೇರಿದ ಬಿಟ್ಟಿ ಚಾಕರಿ. ಅದನ್ನು ಬಡಿಯೆವೆಂದು ನಿರಾಕರಿಸಿ ಬಹಿಷ್ಕಾರ ಉಂಡವರ ಮಕ್ಕಳು ನಾವು. ಅದೇ ತಮಟೆಯನ್ನು ಚಳವಳಿ ಹೋರಾಟದ ವಾದ್ಯ ಮಾಡಿಕೊಂಡಿತು.

ಈಗಲೂ ಪ್ರಚಾರಕ್ಕೆ ಕಾಲೋನಿಯ ತಮಟೆ ತಂಡವನ್ನು ಕರೆಯುತ್ತಾರೆ. ಬೆಳಿಗ್ಗೆ ಒಂದು ಪಕ್ಷ, ಸಂಜೆ ಇನ್ನೊಂದು. ಇದನ್ನು ನೋಡಿ ನಗುವ ಪೇಟೆಯವರಿದ್ದಾರೆ. ನಾನು ನಗುವುದಿಲ್ಲ. ಅವನಿಗೆ ಅದು ಅವತ್ತಿನ ಕೂಲಿ, ಓಟು ಬೇರೆ. "ಬಡಿಯೋದು ಅವರಿಗೆ ಸಾ, ಒತ್ತೋದು ನಮಗೆ" ಎಂದು ಅಂಥವರೊಬ್ಬರು ನನಗೆ ಹೇಳಿದ್ದುಂಟು. ಆದರೆ ಪದವಿ ಪಡೆದು, ಕೈಯಲ್ಲಿ ಫೋನು ಹಿಡಿದು, ಯಾವುದೋ ಪಕ್ಷದ ಐಟಿ ಸೆಲ್ಲು ಕಾಸು ಕೊಟ್ಟು ಮಾಡಿಸಿದ ಸುಳ್ಳನ್ನು ದಿನಕ್ಕೆ ಹತ್ತು ಸಲ ಫಾರ್ವರ್ಡ್ ಮಾಡುವವನಿಗೆ ಕೂಲಿ ಏನು ಸಿಕ್ಕಿತು? ಅಪ್ಪ ಬಿಟ್ಟ ಬಿಟ್ಟಿ ಚಾಕರಿಯನ್ನು ಮಗ ಬೆರಳ ತುದಿಯಲ್ಲಿ ಮತ್ತೆ ಹಿಡಿದಂತಾಯಿತು. ರಾಜಕೀಯದಲ್ಲಿ ಭಕ್ತಿ ಅಧಃಪತನದ ದಾರಿ ಎಂದು 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಬಾಬಾಸಾಹೇಬರು ಎಚ್ಚರಿಸಿದ್ದು ಮೇಲ್ಜಾತಿಯವರಿಗೆ ಮಾತ್ರವಲ್ಲ.

4

ಹಾಗಾದರೆ ಮಾಡುವುದೇನು? ಟೀವಿ ಒಡೆಯುವುದಲ್ಲ. ಸುದ್ದಿ ಕೇಳದ ಪ್ರಶ್ನೆಯನ್ನು ನಾವು ಕೇಳುವುದು, ಅದೂ ಅಂಕಿಯ ಸಮೇತ.

ಭದ್ರಾ ಮೇಲ್ದಂಡೆ ಯೋಜನೆಯನ್ನೇ ತೆಗೆದುಕೊಳ್ಳಿ. ಅದರ ಸುರಂಗ ಇರುವುದು ಅಜ್ಜಂಪುರದ ಬಳಿ. 2023ರ ಫೆಬ್ರವರಿ 1ರ ಕೇಂದ್ರ ಬಜೆಟ್ಟಿನಲ್ಲಿ ಅದಕ್ಕೆ 5,300 ಕೋಟಿ ರೂಪಾಯಿ ಘೋಷಿಸಿದರು. ಮುಂದಿನ ವರ್ಷದ ಪ್ರಚಾರದಲ್ಲಿ ಅದು ಒಬ್ಬರಿಗೆ 'ಕೊಟ್ಟೆವು', ಇನ್ನೊಬ್ಬರಿಗೆ 'ಬರಲಿಲ್ಲ'. ಆ ಜಗಳ ಸುದ್ದಿಯಾಯಿತು. ನೀರು ಬಂದರೂ ಅದು ಯಾರ ಹೊಲಕ್ಕೆ, ಏರಿನ ಮೇಲಿನ ದಲಿತನ ಎರಡೆಕರೆಗೆ ಹತ್ತುವುದೇ ಎಂಬುದು ಆಗಲಿಲ್ಲ. ಇನ್ನೊಂದು ಉದಾಹರಣೆ. 2013ರ ಕಾಯ್ದೆಯ ಪ್ರಕಾರ ರಾಜ್ಯದ ಯೋಜನಾ ಹಣದಲ್ಲಿ ಪರಿಶಿಷ್ಟ ಜಾತಿ, ಪಂಗಡಗಳ ಜನಸಂಖ್ಯೆಗೆ ತಕ್ಕಂತೆ ಶೇಕಡಾ 24.1 ಭಾಗ ಮೀಸಲು. 2023-24ರಲ್ಲಿ ಅದರಿಂದ ಸುಮಾರು 11 ಸಾವಿರ ಕೋಟಿಯನ್ನು ಗ್ಯಾರಂಟಿಗಳಿಗೆ ತೊಡಗಿಸಿದರು. ಒಂದು ಪಕ್ಷ ಬೈಯಿತು, ಇನ್ನೊಂದು ಸಮರ್ಥಿಸಿತು. ನಮ್ಮ ತಾಲ್ಲೂಕಿಗೆ ಎಷ್ಟು ಬಂತು, ಯಾವ ಕಾಲೋನಿಯಲ್ಲಿ ಯಾವ ಕೆಲಸವಾಯಿತು ಎಂಬ ಲೆಕ್ಕವನ್ನು ಸ್ಟುಡಿಯೋದಲ್ಲಿ ಕೂತ ಯಾರೂ ಕೊಡುವುದಿಲ್ಲ. ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಕೊಟ್ಟು ನಾವೇ ಕೇಳಬೇಕು.

ತಹಶೀಲ್ದಾರರ ಕಚೇರಿಯಲ್ಲಿ ದಲಿತರ ಕುಂದುಕೊರತೆ ಸಭೆ ನಡೆಯುತ್ತದೆ. ಅಲ್ಲಿ ಏನು ಕೇಳಿದರು, ಅಧಿಕಾರಿ ಏನು ಹೇಳಿದರು ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಕಾಲೋನಿಯ ಸಮುದಾಯ ಭವನದ ಗೋಡೆಗೆ ಅಂಟಿಸಲು ಬಂಡವಾಳ ಬೇಕಿಲ್ಲ. ವಿದ್ಯಾರ್ಥಿಗಳು ಇದನ್ನು ಮಾಡಬಲ್ಲರು. ಓಟು ಕೇಳಲು ಬಂದವರಿಗೆ ಹಾರ ಹಾಕುವ ಮೊದಲು ಮೂರು ಪ್ರಶ್ನೆ ಕೇಳಿ, ಉತ್ತರವನ್ನು ಅವರೆದುರೇ ಬರೆದುಕೊಂಡು, ಐದು ವರ್ಷ ಅದನ್ನು ಗೋಡೆಯ ಮೇಲೆ ಉಳಿಸಬೇಕು. ತಾಲ್ಲೂಕಿನ ವರದಿಗಾರನನ್ನು ಬೈಯುವ ಬದಲು, ಆ ಹಾಳೆಯ ಒಂದು ಪ್ರತಿ ಅವನ ಕೈಗೂ ಕೊಡಬೇಕು. ಬಹಳ ಸಲ ಅವನೂ ಸಂಬಳವಿಲ್ಲದೆ, ಜಾಹೀರಾತು ತಂದುಕೊಟ್ಟರೆ ಕಮಿಷನ್ನು ಎಂಬ ಲೆಕ್ಕದಲ್ಲಿ ದುಡಿಯುವ ಬಡಪಾಯಿಯೇ.

ಒಬ್ಬ ವ್ಯಕ್ತಿಗೆ ಒಂದು ಓಟು, ಒಂದು ಓಟಿಗೆ ಒಂದು ಬೆಲೆ ಎಂಬುದನ್ನು ಸಂವಿಧಾನ ನಮಗೆ ಕೊಟ್ಟಾಗಿದೆ. ಆ ಓಟಿನ ಹಿಂದೆ ಒಂದು ಪ್ರಶ್ನೆ ಇದ್ದರೆ ಮಾತ್ರ ಅದು ಓಟು, ಇಲ್ಲದಿದ್ದರೆ ಅದೂ ಬಿಟ್ಟಿಯೇ. ಆ ಪ್ರಶ್ನೆಯನ್ನು ಚಾನೆಲಿನವರು ತಂದುಕೊಡುತ್ತಾರೆಂದು ಕಾಯುವುದು ಬೇಡ. ಮುಂದಿನ ಗ್ರಾಮಸಭೆಗೆ ಹೋಗುವಾಗ ಒಂದು ಪೆನ್ನು, ಒಂದು ಹಾಳೆ ಜೇಬಿನಲ್ಲಿರಲಿ.